ಕಪ್ಪು ಕಲ್ಲಿನ ಚರ್ಚಿನ ಹೊರಗೆ ಬಿಟ್ಟ ಬೂಟುಗಳು

ಸಿಸ್ಟರ್ ಯಾರನ್ನು ಭೇಟಿಯಾದರೂ ಮೊದಲು ನೋಡುತ್ತಿದ್ದದ್ದು ಕಣಕಾಲು. ಎದುರಿಗಿರುವವರು ನಮಸ್ಕಾರ ಹೇಳಿ ಮುಗಿಸುವುದರೊಳಗೆ ಅವರ ಪಾದ ಊದಿದೆಯೇ, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಗುರುತು ಮಾಡಿದೆಯೇ ಎಂಬ ಪರೀಕ್ಷೆ ಮುಗಿದಿರುತ್ತಿತ್ತು. ಆಕ್ಲೆಂಡಿನ ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬ ಮಹನೀಯರು ಎರಡನೇ ಹೋಳಿಗೆಗೆ ಕೈ ಚಾಚಿದ ಹೊತ್ತಿಗೆ ಸರಿಯಾಗಿ, "ಸರ್, ನಾಳೆ ಡಾಕ್ಟರ್ ಕಡೆ ಹೋಗ್ರಿ. ಹೋಳಿಗಿ ಇವತ್ತ ತಿನ್ರಿ, ಅಡ್ಡಿಯಿಲ್ಲ" ಎಂದಿದ್ದರು. ಮಹನೀಯರು ಹೋದರು, ಔಷಧಿ ಶುರುವಾಯಿತು, ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಸಿಸ್ಟರ್ ಇಲ್ಲ.

ಹೋಗಿ ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ನನಗೆ ಏನೂ ಆಗಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ಇದು ನಿಜ. ನನಗೆ ಐವತ್ಮೂರು ವರ್ಷ. ಕಟ್ಟಡಗಳ ಬಿರುಕು ನೋಡಿ ವರದಿ ಬರೆಯುವುದು ಉದ್ಯೋಗ. ಅಂದರೆ ಚಿಂತೆ ಮಾಡುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೆ ಅದನ್ನು ಪುಕ್ಕಟೆಯಾಗಿ ಮುಂದುವರಿಸುತ್ತೇನೆ. ಇಂಥ ನಾನು ಅವರ ಅಂತ್ಯಕ್ರಿಯೆಯಲ್ಲಿ, ಕಾರು ನಿಲ್ಲಿಸಿದ ಜಾಗಕ್ಕೆ ಎರಡೇ ಗಂಟೆಯ ಮಿತಿಯಲ್ಲವೇ ಎಂದು ಯೋಚಿಸುತ್ತ ಕೂತಿದ್ದೆ. ಆಮೇಲೆ ಆ ಬಗೆಯ ಚಿಂತೆಯೂ ನಿಂತುಹೋಯಿತು. ಸ್ಟವ್ ಆರಿಸಿದೆನೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ವಾಪಸಾಗುವುದಿಲ್ಲ. ಮೊದಲ ವಾರ ಹೆಂಡತಿ ಸಂತೋಷಪಟ್ಟಳು. ಎರಡನೇ ವಾರ, "ಯಾಕ್ರೀ, ಹುಷಾರಿಲ್ವಾ?" ಅಂದಳು.

ಸಿಸ್ಟರ್ ಗದಗದ ಕಡೆಯವರು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಗಂಡನ ಜೊತೆ ಇಲ್ಲಿಗೆ ಬಂದು, ಗಂಡನನ್ನು ಕಳೆದುಕೊಂಡು, ಒಬ್ಬಳೇ ಮಗಳನ್ನು ಬೆಳೆಸಿದವರು. ನಮ್ಮ ಪರಿಚಯ ಆದದ್ದು ಹನ್ನೆರಡು ವರ್ಷದ ಹಿಂದೆ, ನಾನು ಹೃದಯಾಘಾತವಾಗಿದೆ ಎಂದು ತೀರ್ಮಾನಿಸಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದಾಗ. ಎದೆಗೆ ಇಸಿಜಿಯ ವೈರುಗಳನ್ನು ಅಂಟಿಸುತ್ತಿದ್ದ ನರ್ಸ್ ನನ್ನ ಮಣಿಕಟ್ಟಿಗೆ ಕಟ್ಟಿದ್ದ ಹೆಸರಿನ ಪಟ್ಟಿ ನೋಡಿದರು.

"ಕನ್ನಡದವ್ರೇನ್ರೀ? ಏನ್ ತಿಂದಿದ್ರಿ?"

"ಮೆಣಸಿನಕಾಯಿ ಬಜ್ಜಿ."

"ಎಷ್ಟು?"

"ಏಳು."

"ಏಳು ಬಜ್ಜಿ ತಿಂದ ಎದಿ ಹಿಂಗ ಉರಿಯೂದ್ರಿ," ಅಂದರು. ನಾನು ಎದ್ದು ಕೂರಲೋ ಮಲಗಲೋ ತಿಳಿಯದೆ ಒದ್ದಾಡುತ್ತಿದ್ದೆ. ಹೆಗಲು ಹಿಡಿದು ಕೂರಿಸಿದರು. "ಮೊದಲ ಕುಂಡ್ರೂಣು. ಆಮ್ಯಾಲ ಅಂಜೂಣು."

ಈ ಮಾತನ್ನು ಅವರು ಮುಂದೆ ನನಗೆ ಎಷ್ಟು ಸಲ ಹೇಳಿದರೋ. ನಿವೃತ್ತರಾದ ಮೇಲೆ ಹಿಲ್ಸ್‌ಬರೋದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ಭಾನುವಾರ ಬೆಳಿಗ್ಗೆ ನನ್ನನ್ನು ಎಳೆದುಕೊಂಡು ಮೌಂಟ್ ರಾಸ್ಕಿಲ್ ಹತ್ತುತ್ತಿದ್ದರು. ವಾರ್ಡಿನ ಸುತ್ತು ಹಾಕುವವರ ಹಾಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಬಲದ ಮರಗಳನ್ನೂ ನಾಯಿ ಅಡ್ಡಾಡಿಸುವವರನ್ನೂ ಒಂದೊಂದಾಗಿ ವಿಚಾರಿಸುತ್ತ ನಡಿಗೆ. ಕೂಟದಲ್ಲಿ ಎಲ್ಲರೂ ಅವರನ್ನು ಆಂಟಿ ಅನ್ನುತ್ತಿದ್ದರು. ನನಗೆ ಮಾತ್ರ ಮೊದಲ ದಿನದ ಸಿಸ್ಟರೇ ಉಳಿದುಬಿಟ್ಟಿತು. ಅವರಿಗೆ ನಾನು 'ತಮ್ಮಾ'.

ಫ್ರಾನ್ಸಿನ ಹುಚ್ಚು ಹತ್ತಿಸಿದ್ದು ಒಬ್ಬ ಫ್ರೆಂಚ್ ಮುದುಕಿ. ಸಿಸ್ಟರ್ ಕೊನೆಯ ವರ್ಷಗಳಲ್ಲಿ ವೃದ್ಧರ ವಾರ್ಡಿನಲ್ಲಿದ್ದಾಗ ಆಕೆ ಅಲ್ಲಿ ಮೂರು ತಿಂಗಳು ಮಲಗಿದ್ದಳಂತೆ. ಮಂಚದ ಪಕ್ಕದ ಗೋಡೆಯ ಮೇಲೆ ಒಂದೇ ಒಂದು ಫೋಟೋ: ಸಾಲಾಗಿ ಕೂತ ಹಸಿರು ಗುಡ್ಡಗಳು, ಬೋಗುಣಿ ಮಗುಚಿಟ್ಟ ಹಾಗೆ.

"ಇದು ನಮ್ಮ ಆಕ್ಲೆಂಡಿನ ಮಾಂಗೆರೆ ಕಡೆ ಐತೇನು ಅಂತ ಕೇಳ್ದೆ," ಎಂದು ಸಿಸ್ಟರ್ ಹೇಳುತ್ತಿದ್ದರು. "ಮುದುಕಿ ನಕ್ಕು ನಕ್ಕು ಕೆಮ್ಮಾಕ ಹತ್ತಿದ್ಲು. ಆಕ್ಸಿಜನ್ ಹಚ್ಚಬೇಕಾತು."

ಅದು ಫ್ರಾನ್ಸಿನ ನಡುವಿನ ಓವರ್ನ್ ಎಂಬ ಬೆಟ್ಟಸೀಮೆ. ಆಕ್ಲೆಂಡಿನ ಹಾಗೆಯೇ ಜ್ವಾಲಾಮುಖಿಗಳು ಎಬ್ಬಿಸಿದ ಗುಡ್ಡಗಳು. ಅಲ್ಲಿನವು ತಣ್ಣಗಾಗಿ ಸಾವಿರಾರು ವರ್ಷವಾಗಿದೆ. ನಮ್ಮವು ಪೂರ್ತಿ ಆರಿಲ್ಲ ಎನ್ನುತ್ತಾರೆ. ಮನೆ ಕೊಳ್ಳುವ ಮೊದಲು ಆ ಬಗ್ಗೆ ಎರಡು ವರ್ಷ ಓದಿದ್ದೇನೆ. ಕಡೆಕಡೆಗೆ ಮುದುಕಿಗೆ ಇಂಗ್ಲಿಷ್ ಮರೆತೇಹೋಯಿತು. ಬರೀ ಫ್ರೆಂಚ್. ಸಿಸ್ಟರ್ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರೂ ಹಾಗೆ ಗಂಟೆಗಟ್ಟಲೆ ಮಾತಾಡಿದ್ದಾರೆ. "ಏನ್ ಮಾತಾಡ್ತಿದ್ರಿ?" ಎಂದು ಕೇಳಿದರೆ, "ಅಕಿ ಗುಡ್ಡದ ಸುದ್ದಿ ಹೇಳ್ತಿದ್ಲು, ನಾ ನನ್ನ ಮಗಳ ಸುದ್ದಿ ಹೇಳ್ತಿದ್ದೆ. ಇಬ್ಬರಿಗೂ ಸಮಾಧಾನ," ಅನ್ನುತ್ತಿದ್ದರು. ಆ ಗುಡ್ಡಗಳನ್ನು ನಡೆದು ನೋಡಬೇಕು, ಮನೆಗಳಿಲ್ಲದ ಆಕ್ಲೆಂಡ್ ಹೇಗಿರುತ್ತದೋ ನೋಡಬೇಕು ಎಂಬುದು ಅಂದಿನಿಂದ ಹಿಡಿದ ಆಸೆ.

ಹೋದ ಜೂನಿನಲ್ಲಿ ಹೊರಟೆವು. ನನ್ನ ಹೆಂಡತಿಗೆ ಮಂಡಿನೋವು. "ನೀವು ಹೋಗಿ. ಸಿಸ್ಟರ್ ಜೊತೆಗಿದ್ರೆ ನಿಮ್ಮ ಬಗ್ಗೆ ನನಗೆ ಧೈರ್ಯ," ಅಂದಳು. ಎರಡು ವಾರ ಚಿಂತೆಯಿಲ್ಲದ ಮನೆಯ ಕನಸು ಅವಳ ಕಣ್ಣಲ್ಲಿ ಹೊಳೆಯುತ್ತಿತ್ತು. ಅದೇ ಸಂಜೆ ಕ್ರೈಸ್ಟ್‌ಚರ್ಚಿನಿಂದ ಸಿಸ್ಟರ್ ಮಗಳ ಫೋನು. ಅಲ್ಲಿನ ರಿಕ್ಕರ್ಟನ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

"ಅಂಕಲ್, ಮಮ್‌ನ ನೋಡ್ಕೊಳ್ಳಿ, ಪ್ಲೀಸ್," ಎಂದು ಅಷ್ಟು ಮಾತ್ರ ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು. "ಎನಿಥಿಂಗ್ ಅಟ್ ಆಲ್, ಯೂ ರಿಂಗ್ ಮಿ. ಪ್ರಾಮಿಸ್?"

"ಪ್ರಾಮಿಸ್ ಕಣಮ್ಮ," ಅಂದೆ. ಹೀಗೆ ನನ್ನನ್ನು ಸಿಸ್ಟರ್ ಕೈಗೂ ಸಿಸ್ಟರನ್ನು ನನ್ನ ಕೈಗೂ ಒಪ್ಪಿಸಿ ಇಬ್ಬರೂ ಹೆಂಗಸರು ನಿಶ್ಚಿಂತರಾದರು.

ಎಂಟು ದಿನದ ನಡಿಗೆ. ಮರದ ಕಾಂಡಕ್ಕೋ ಬಂಡೆಗೋ ಬಳಿದ ಕೆಂಪು-ಬಿಳಿ ಪಟ್ಟಿಯನ್ನು ಹುಡುಕಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಬೇಕು. ಕೊರಳಲ್ಲಿ ಗಂಟೆ ಕಟ್ಟಿದ ಕೆಂದು ಹಸುಗಳು, ಕುರುಬರು ಬಿಟ್ಟುಹೋದ ಕಲ್ಲಿನ ಗುಡಿಸಲುಗಳು, ಸಂಜೆ ಯಾವುದೋ ರೈತರ ಮನೆಯಲ್ಲಿ ಉದ್ದನೆಯ ಮೇಜಿಗೆ ಎಲ್ಲ ದಾರಿಹೋಕರೂ ಒಟ್ಟಿಗೆ ಕೂತು ಊಟ. ಸಸ್ಯಾಹಾರಿಯಾದ ನನಗೆ ಎಂಟೂ ದಿನ ಆಲೂಗಡ್ಡೆ ಮತ್ತು ಚೀಸು. ಬಾಣಲೆಯಿಂದ ಎತ್ತಿದರೆ ಚೀಸು ಮೊಳದುದ್ದ ಎಳೆಯಾಗಿ ಬರುತ್ತಿತ್ತು. ಅದು ನನ್ನ ರಕ್ತನಾಳದಲ್ಲಿ ಹೇಗಿರುತ್ತದೆ ಎಂದು ಯೋಚಿಸುತ್ತ ತಿಂದೆ. ಸಿಸ್ಟರ್ ಮೊದಲ ಸಂಜೆಯೇ ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡರು. ಮನೆಯ ಯಜಮಾನಿ ಅನುಮಾನದಿಂದ ಬೆರಳ ತುದಿಯಲ್ಲಿ ಮುಟ್ಟಿ ನೆಕ್ಕಿ, ಒಳಗೆ ಹೋಗಿ ಗಂಡನನ್ನು ಕರೆದುಕೊಂಡು ಬಂದಳು. ಬೆಳಿಗ್ಗೆ ಡಬ್ಬಿ ಅರ್ಧವಾಗಿತ್ತು. ಆಕೆಯ ಕಣಕಾಲು ನೋಡಿದ ಸಿಸ್ಟರ್, "ಉಪ್ಪು ಕಡಿಮಿ ಮಾಡವಾ," ಎಂದು ಗದಗದ ಕನ್ನಡದಲ್ಲೇ ಬುದ್ಧಿ ಹೇಳಿ ಬಂದರು. ಆಕೆ ತಲೆಯಾಡಿಸಿದಳು.

ಮೂರನೇ ದಿನ ಮಧ್ಯಾಹ್ನ ಒಂದು ಹಳ್ಳಿಯ ಚರ್ಚು ಸಿಕ್ಕಿತು. ಜ್ವಾಲಾಮುಖಿಯ ಕಪ್ಪು ಕಲ್ಲಿನಲ್ಲಿ ಕಟ್ಟಿದ್ದು, ಬಹಳ ಹಳೆಯದು. ಗೋಡೆಯ ಬಿರುಕುಗಳು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಸಿಸ್ಟರ್ ಬಾಗಿಲ ಹತ್ತಿರ ಕೂತು ಬೂಟು ಬಿಚ್ಚುತ್ತಿದ್ದರು. ಕಾಲುಚೀಲವನ್ನೂ ಕಳಚಿ ಬೂಟಿನೊಳಗೆ ತುರುಕಿದರು. ಅವರ ಊರಿನ ಚರ್ಚಿನಲ್ಲಿ ಚಪ್ಪಲಿ ಹೊರಗೇ ಬಿಡುತ್ತಾರೆ. ಅವರಿಗೆ ಬೇರೆ ಕ್ರಮ ಇರಬಹುದೆಂದೇ ಹೊಳೆಯಲಿಲ್ಲ. ನನಗಂತೂ ದೇವರಿದ್ದಲ್ಲಿ ಬೂಟು ಹಾಕಿಕೊಂಡು ಹೋದರೆ ಆ ದಿನ ಕಾಲು ಉಳುಕುವುದು ಖಂಡಿತ ಎಂಬ ನಂಬಿಕೆ. ನಾನೂ ಬಿಚ್ಚಿದೆ. ಒಳಗೆ ಬೂಟು ಹಾಕಿಕೊಂಡೇ ಕೂತಿದ್ದ ಐದಾರು ಜನ, ಬರಿಗಾಲಿನಲ್ಲಿ ಬಂದ ಇಬ್ಬರು ಕಂದುಬಣ್ಣದವರನ್ನು ನೋಡಿ ಯಾವುದೋ ಕಠಿಣ ಹರಕೆಯವರು ಇರಬೇಕೆಂದು ಜಾಗ ಬಿಟ್ಟುಕೊಟ್ಟರು.

ಸಿಸ್ಟರ್ ಮೊಣಕಾಲೂರಿದರು. ನನಗೆ ದೇವರ ಧ್ಯಾನ ಬರಲಿಲ್ಲ, ಬೂಟುಗಳ ಧ್ಯಾನ ಬಂತು. ದೇವಸ್ಥಾನದ ಹೊರಗೆ ಹೊಸ ಚಪ್ಪಲಿ ಬಿಟ್ಟು ಬೆಳೆದವರಿಗೆ ಇದು ಗೊತ್ತಿರುತ್ತದೆ. ಮೆಲ್ಲಗೆ ಹೊರಗೆ ಬಂದೆ. ಬೂಟುಗಳು ಇದ್ದವು. ಮೋಡ ಕವಿದಿತ್ತು. ಒದ್ದೆಯಾಗದಿರಲಿ ಎಂದು ಅವರ ಬೂಟು ಎತ್ತಿ ಕಮಾನಿನ ಕೆಳಗೆ ಇಡಹೋದೆ. ಕಾಲುಚೀಲ ಜಾರಿತು, ಅದರ ಮಡಿಕೆಯಿಂದ ಒಂದು ಚಿಕ್ಕ ಕೆಂಪು ಬಾಟಲಿ ಕಲ್ಲಿನ ಮೇಲೆ ಉರುಳಿತು.

ಅದನ್ನು ನಾನು ಚೆನ್ನಾಗಿ ಬಲ್ಲೆ. ಎದೆ ಹಿಡಿದುಕೊಂಡರೆ ನಾಲಿಗೆಯ ಕೆಳಗೆ ಸಿಂಪಡಿಸಿಕೊಳ್ಳುವ ಔಷಧಿ. ನನಗೂ ಬರೆದುಕೊಡಿ ಎಂದು ಎರಡು ಸಲ ಡಾಕ್ಟರನ್ನು ಕೇಳಿ, ಅಗತ್ಯವಿಲ್ಲ ಅನ್ನಿಸಿಕೊಂಡಿದ್ದೆ.

ಸಿಸ್ಟರ್ ಹೊರಗೆ ಬಂದಾಗ ಅಂಗೈ ಚಾಚಿ ತೋರಿಸಿದೆ. "ಏನ್ ಸಿಸ್ಟರ್ ಇದು?"

"ಬಾಯಿಗೆ ಹೊಡಕೊಳ್ಳೋ ಸೆಂಟು."

"ನಾನು ಮೂರು ಸಲ ಇಸಿಜಿ ಮಾಡಿಸ್ಕೊಂಡೋನು. ನನ್ ಹತ್ರ ಈ ಮಾತಾ?"

ಅವರು ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಕಾಲುಚೀಲ ಹಾಕಿಕೊಂಡರು. "ಎರಡು ನಾಳ ಕಟ್ಟ್ಯಾವು. ಸ್ಟೆಂಟ್ ಹಾಕ್ತೀವಿ ಬರ್ರಿ ಅಂತ ಮೇ ತಿಂಗಳಾಗ ಕರದಿದ್ರು. ನಾನಽ ಆಗಸ್ಟ್ ಕಡೀಗೆ ಹಾಕ್ರಿ ಅಂದೆ."

"ಯಾಕೆ? ಮಗಳಿಗೆ ಗೊತ್ತಾ?"

"ಅಕಿಗೆ ಗೊತ್ತಾದ್ರ ಬಿಡ್ತಾಳೇನು? ಕರಕೊಂಡು ಹೋಗಿ ಸೋಫಾದ ಮ್ಯಾಲ ಕುಂಡ್ರಿಸ್ತಾಳ. ಪ್ರೀತೀಲೇನೇ ಕುಂಡ್ರಿಸ್ತಾಳ. ನಾ ನಲವತ್ತು ವರ್ಷ ಎಷ್ಟು ಮಂದೀನ ಹಂಗ ಕುಂಡ್ರಿಸೀನಿ ನನಗ ಗೊತ್ತೈತಿ. ಹಂಗ ಕುಂತವರು ಆಮ್ಯಾಲ ಏಳೂದು ಕಡಿಮಿ, ತಮ್ಮಾ."

"ನಾನು ಅವಳಿಗೆ ಮಾತು ಕೊಟ್ಟಿದೀನಿ ಸಿಸ್ಟರ್. ಹೇಳ್ಬೇಕಾಗುತ್ತೆ."

"ಹೇಳು. ಹೇಳಿದ್ರ ನಾಳೆ ಮುಂಜಾನಿ ಟ್ಯಾಕ್ಸಿ ಬರ್ತೈತಿ." ಬಾಟಲಿಯನ್ನು ಮತ್ತೆ ಕಾಲುಚೀಲದ ಮಡಿಕೆಯಲ್ಲಿಟ್ಟು ಎದ್ದರು. "ನಿನ್ನ ಮನಸ್ಸು. ನಾ ಬೈಯೂದಿಲ್ಲ."

ಬೈಯುತ್ತೇನೆ ಎಂದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅಂದು ಸಂಜೆ ಮಗಳ ಸಂದೇಶ ಬಂತು: ಎಲ್ಲ ಸರಿಯೇ? ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಕಳಿಸಿದೆ. ಒಂದು ಬೆರಳಿನಲ್ಲಿ ಎಷ್ಟು ದೊಡ್ಡ ಸುಳ್ಳು ಹೇಳಬಹುದು.

ಆರನೇ ದಿನದ ಏರು. ಮುದುಕಿಯ ಫೋಟೋದ ಗುಡ್ಡಗಳು ಆ ಬೆಟ್ಟದ ಏಣಿನ ಮೇಲಿಂದಲೇ ಕಾಣುತ್ತವೆ ಎಂದು ಹಿಂದಿನ ರಾತ್ರಿ ಉಳಿದ ಮನೆಯ ಯಜಮಾನಿ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದ್ದಳು. ಒಂದು ಗಂಟೆಯ ದಾರಿ ಎಂದು ಬರೆದಿತ್ತು. ಕಾಲು ಭಾಗ ಹತ್ತುವುದರೊಳಗೆ ಸಿಸ್ಟರ್ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಬಂಡೆಯ ಮೇಲೆ ಕೂತು ಬಾಯಿಗೆ ಸಿಂಪಡಿಸಿಕೊಂಡು, ಎಡಗೈಯ ನಾಡಿಯನ್ನು ತಾವೇ ಹಿಡಿದು ಗಡಿಯಾರ ನೋಡಿದರು. ನಾನು ಫೋನ್ ತೆಗೆದೆ. ಒಂದು ಗೀರು ಸಿಗ್ನಲ್ ಇತ್ತು. ಅಲ್ಲಿ ಬೆಳಿಗ್ಗೆ ಹತ್ತು, ರಿಕ್ಕರ್ಟನ್‌ನಲ್ಲಿ ಸಂಜೆ ಎಂಟು. ಹುಡುಗಿ ಊಟ ಮುಗಿಸಿರುತ್ತಾಳೆ. ಅವಳ ಹೆಸರು ಪರದೆಯ ಮೇಲೆ ಬಂತು. ಒತ್ತುವುದೊಂದೇ ಬಾಕಿ.

ಸಿಸ್ಟರ್ ತಡೆಯಲಿಲ್ಲ. ಫೋನನ್ನೇ ನೋಡುತ್ತ ಅಂದರು: "ನಲವತ್ತು ವರ್ಷ ಮಂದಿಗೆ 'ಸಾವಕಾಶ, ಅವಸರ ಇಲ್ಲ' ಅಂತ ಹೇಳೀನಿ. ಕೈ ಹಿಡದು ನಡಸೀನಿ. ನನಗ ಹಂಗ ಯಾರೂ ಹೇಳಿಲ್ಲ. ಇವತ್ತೊಂದಿನ ನೀ ಹೇಳು."

ಪರದೆ ತಾನಾಗಿಯೇ ಆರಿಹೋಯಿತು. ಆಮೇಲೆ ಫೋನ್ ಜೇಬಿಗೆ ಹಾಕಿ, "ಸಾವಕಾಶ, ಸಿಸ್ಟರ್. ಅವಸರ ಇಲ್ಲ," ಅಂದೆ.

ಇಪ್ಪತ್ತು ಹೆಜ್ಜೆ, ನಿಲ್ಲುವುದು. ಹದಿನೈದು ಹೆಜ್ಜೆ, ನಿಲ್ಲುವುದು. ಒಂದು ಗಂಟೆಯ ದಾರಿಗೆ ಮೂರೂವರೆ ಗಂಟೆ. ನಮ್ಮನ್ನು ದಾಟಿ ಹೋದ ಅಜ್ಜನೊಬ್ಬ ವಾಪಸು ಇಳಿಯುವಾಗಲೂ ನಾವು ಹತ್ತುತ್ತಲೇ ಇದ್ದೆವು. ಮೇಲೆ ತಲುಪಿದಾಗ ಗಾಳಿ ಕಿವಿ ಕಿತ್ತುಹೋಗುವ ಹಾಗೆ ಬೀಸುತ್ತಿತ್ತು. ಗುಡ್ಡಗಳು ಇದ್ದವು, ಸಾಲಾಗಿ, ಫೋಟೋದಲ್ಲಿದ್ದ ಹಾಗೆಯೇ. ಒಂದೂ ಮನೆಯಿಲ್ಲ. ಸಿಸ್ಟರ್ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ವಿಚಾರಿಸಿದರು.

"ಮುದುಕೀ, ಬಂದೀನಿ ನೋಡು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಮೌಂಟ್ ರಾಸ್ಕಿಲ್ ಚಲೋ ಐತಿ ಬಿಡು. ಕೆಳಗ ಇಳದ್ರ ಬಸ್ ಸಿಗ್ತೈತಿ."

ಉಳಿದ ಎರಡು ದಿನ ತಗ್ಗಿನ ದಾರಿ, ತೊಂದರೆಯಾಗಲಿಲ್ಲ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ, ಆಗಮನದ ಕಾರ್ಡಿನಲ್ಲಿ ಸಿಸ್ಟರ್, ಹೊರದೇಶದ ಮಣ್ಣು ತಂದಿದ್ದೀರಾ ಎಂಬ ಪ್ರಶ್ನೆಗೆ ಹೌದು ಎಂದು ಬರೆದು, ಬೂಟಿನ ಅಡಿಯನ್ನು ಅಧಿಕಾರಿಗೆ ಎತ್ತಿ ತೋರಿಸಿದರು. ಎದೆಯ ವಿಷಯವನ್ನು ಆ ಕಾರ್ಡಿನಲ್ಲಿ ಕೇಳಿರಲಿಲ್ಲ. "ಮಗಳಿಗೆ ನಾನಽ ಹೇಳ್ತೀನಿ. ಆಸ್ಪತ್ರಿಗೆ ಹೋಗೂ ವಾರ ಹೇಳ್ತೀನಿ," ಅಂದರು. ಸರಿ ಅಂದೆ. ಆ ವಾರ ಬರಲಿಲ್ಲ. ಆಗಸ್ಟ್ ಮೊದಲ ಮಂಗಳವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಹೊರಟವರು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರಂತೆ. ಬಸ್ಸು ಬಂತು, ಅವರು ಏಳಲಿಲ್ಲ.

ಅಂತ್ಯಕ್ರಿಯೆಯ ನಂತರ ಚರ್ಚಿನ ಹಾಲಿನಲ್ಲಿ ಎಲ್ಲರೂ ಚಹಾ ಹಿಡಿದು ನಿಂತಿದ್ದಾಗ ಮಗಳು ನನ್ನ ಹತ್ತಿರ ಬಂದಳು. "ಅಂಕಲ್, ಫ್ರಾನ್ಸಲ್ಲಿ ಶಿ ವಾಸ್ ಆಲ್‌ರೈಟ್?"

"ಏನೂ ಇರಲಿಲ್ಲಮ್ಮ. ನನಗಿಂತ ಜೋರಾಗಿ ಹತ್ತಿದ್ರು," ಅಂದೆ. ಅವಳು ಅಲ್ಲಿಯವರೆಗೆ ಮುಟ್ಟದಿದ್ದ ಚಹಾವನ್ನು ಒಂದು ಗುಟುಕು ಕುಡಿದಳು. ಒಳ್ಳೆಯದೇ ಮಾಡಿದೆ ಅಂದುಕೊಂಡೆ. ನನಗೆ ಏನೂ ಆಗದೇ ಹೋದದ್ದು ಆ ಗಳಿಗೆಯಿಂದಲೇ.

ಹೋದ ವಾರ ಫೋನ್ ಮಾಡಿದಳು. ತಾಯಿಯ ಮನೆ ಖಾಲಿ ಮಾಡುವಾಗ ಆಸ್ಪತ್ರೆಯ ಕಾಗದ ಸಿಕ್ಕಿದೆ; ಮೇ ತಿಂಗಳ ದಿನಾಂಕ. "ಶಿ ನ್ಯೂ, ಅಂಕಲ್. ಗೊತ್ತಿದ್ದೂ ಯಾರಿಗೂ ಹೇಳ್ಲಿಲ್ಲ. ಅಷ್ಟು ಭಯ ಇಟ್ಕೊಂಡು, ಆಲ್ ಅಲೋನ್, ಆ ಬೆಟ್ಟ ಎಲ್ಲ ಹತ್ತಿದಾಳೆ. ನಾಟ್ ಒನ್ ಪರ್ಸನ್ ನ್ಯೂ." ಅಳುತ್ತಿರಲಿಲ್ಲ. ಅದನ್ನೇ ನಾಲ್ಕೈದು ಸಲ ಹೇಳಿದಳು: ಆಲ್ ಅಲೋನ್. ನನ್ನ ಸುಳ್ಳು ಅವಳಿಗೆ ಉಳಿಸಿಕೊಟ್ಟದ್ದು ಅದೊಂದನ್ನೇ.

ಶನಿವಾರ ವಿಮಾನ ಹಿಡಿದು ಕ್ರೈಸ್ಟ್‌ಚರ್ಚಿಗೆ ಹೋದೆ. ವಿಮಾನ ಅಲುಗಾಡಿತಂತೆ, ನನ್ನ ಗಮನಕ್ಕೆ ಬರಲಿಲ್ಲ. ಅವಳ ಕ್ಲಿನಿಕ್ ಎದುರಿನ ಸಣ್ಣ ಕೆಫೆಯಲ್ಲಿ ಕೂತೆವು. ಊಟದ ಬಿಡುವು ಅರ್ಧ ಗಂಟೆ. ಬೂಟು, ಬಾಟಲಿ, ಹೆಬ್ಬೆರಳು, ಏರು, ಜೇಬಿಗೆ ಹಾಕಿದ ಫೋನು, ಚರ್ಚಿನ ಹಾಲಿನಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ನನ್ನ ದನಿ ಬಿರುಕಿನ ವರದಿ ಓದುವವನ ದನಿಯ ಹಾಗೇ ಇತ್ತು.

ಕೊನೆಗೆ ಅವಳು ಕೇಳಿದಳು. "ಹೌ ಮೆನಿ ಟೈಮ್ಸ್ ಡಿಡ್ ಶಿ ಸ್ಟಾಪ್?"

"ನಲವತ್ತೊಂದು ಸಲ." ಎಣಿಸಿದ್ದೆ. ನನ್ನಂಥವನು ಎಣಿಸದೆ ಇರುತ್ತಾನೆಯೇ.

"ಸೋ ಫಾರ್ಟಿ-ಒನ್ ಟೈಮ್ಸ್ ಯೂ ಕುಡ್ ಹ್ಯಾವ್ ರಂಗ್ ಮಿ."

"ಹೌದಮ್ಮ."

ಅವಳು ಎದ್ದಳು. ಕೋಟು ಹಾಕಿಕೊಂಡಳು, ಬ್ಯಾಗು ಹೆಗಲಿಗೇರಿಸಿದಳು, ಬಾಗಿಲವರೆಗೆ ಹೋದಳು. ಗಾಜಿನಾಚೆ ರಸ್ತೆಯನ್ನು ನೋಡುತ್ತ ನಿಂತಳು. ಕ್ಷಮೆ ಕೇಳಬೇಕೆಂದುಕೊಂಡೆ, ಯಾವುದಕ್ಕೆ ಮೊದಲು ಕೇಳಬೇಕೋ ತಿಳಿಯಲಿಲ್ಲ. ಅವಳು ತಿರುಗಿ ಬಂದು, ಕೋಟು ತೆಗೆಯದೆಯೇ, ಮತ್ತೆ ಎದುರು ಕುರ್ಚಿಯಲ್ಲಿ ಕೂತಳು. ಫೋನ್ ತೆಗೆದು ಕ್ಲಿನಿಕ್ಕಿಗೆ ಏನೋ ಬರೆದು, ಅದನ್ನು ಮೇಜಿನ ಮೇಲೆ ಮಗುಚಿಟ್ಟಳು.

"ಮೊದಲ್ನೇದರಿಂದ ಹೇಳ್ರಿ," ಅಂದಳು. ಅವಳಮ್ಮನ ಗದಗದ ಕನ್ನಡ. "ಒಂದೊಂದಽ ಹೇಳ್ರಿ. ಎಲ್ಲಾ ಹೇಳ್ರಿ."

"ಮೊದಲನೇದು ಒಂದು ಕಬ್ಬಿಣದ ಗೇಟಿನ ಹತ್ರ," ಅಂದೆ. "ಹಸುಗಳು ಆಚೆ ಹೋಗದಿರಲಿ ಅಂತ ಹಾಕಿದ್ದ ಗೇಟು. ಅದರ ಚಿಲಕ ಗಟ್ಟಿ ಐತೋ ಇಲ್ಲೋ ನೋಡ್ತೀನಿ ಅಂತ ನಿಂತ್ರು. ಚಿಲಕ ಗಟ್ಟಿಯಾಗೇ ಇತ್ತು. ಆದರೂ ಬಹಳ ಹೊತ್ತು ನೋಡಿದ್ರು."